ಅಶ್ವಶಕ್ತಿಗೆ ಕಾಲ್ಬಲ

ಅಮೆರಿಕದ ಪಾಂಟಿಯಾಕ್ ಸಂಸ್ಥೆಯು 1964ರ ಮಾದರಿಯಾಗಿ 325 ಅಶ್ವಶಕ್ತಿಯ ಜಿ.ಟಿ.ಓ. ಕಾರನ್ನು ಹೊರತಂದಾಗ ತರುಣರು ಅದರ ಎಂಜಿನ್ನಿಗೆ ಮರುಳಾದರು. ಆ ವರ್ಷವೇ ಓಲ್ಡ್ಸ್‌ಮೊಬೈಲ್ ಸಂಸ್ಥೆಯು '4-4-2' ಎಂಬ ಜೋಡಣೆಯನ್ನು ಮಾರಾಟಕ್ಕಿಟ್ಟಿತು. ಶಕ್ತಿ 310 ಮಾತ್ರ. ಆದರೆ ಅದು ಮೂಲತಃ ಪೊಲೀಸರ ಕಾರಿಗೆಂದು ಕಾರ್ಖಾನೆಯಲ್ಲಿಯೇ ಹೂಡಿದ ಏರ್ಪಾಡು. ಬೆನ್ನಟ್ಟಿ ಹೋದವರೇ ಹಳ್ಳಕ್ಕೆ ಬೀಳಬಾರದಷ್ಟೆ! ಆದುದರಿಂದ ಗಟ್ಟಿಯಾದ ಸ್ಪ್ರಿಂಗುಗಳು. ಮುಂಗಾಲಿಗಳಿಗಲ್ಲದೆ ಹಿಂಗಾಲಿಗಳಿಗೂ ಒಂದು ಅಡ್ಡ ಉಕ್ಕಿನ ಸರಳು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲಹೊರಟಾಗ ಈ ಸರಳು ತಿರುಚಿಕೊಂಡು ಆ ವಾಲುವಿಕೆಯನ್ನು ತಗ್ಗಿಸುತ್ತದೆ. ನೇರ ರಸ್ತೆಯಲ್ಲಿ ಎಂಜಿನ್ನು ಸವಾರನ ಮಾನ ಕಾಯಬಹುದು. ತಿರುವಿನಲ್ಲಿ ಪ್ರಾಣ ಕಾಯುವುದು ಕಣ್ಣಿಗೆ ಕಾಣದ ಈ ಸರಳು, ಸ್ಪ್ರಿಂಗುಗಳೇ. ಕುದುರೆಯನ್ನು ಕೊಳ್ಳುವಾತನು ಕಾಲುಗಳನ್ನೂ ನೋಡಬೇಕು. ಅಶ್ವಶಕ್ತಿಯನ್ನು ಕೊಳ್ಳುವಾತನಿಗೂ ಅದೇ ನ್ಯಾಯ.