ಕೋಥರೂಡದ ಬಡಗಿಗೂ ಶೂಟಿಂಗ್‌ನಲ್ಲಿ ಕೆಲಸವಿದೆ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದರು. ನಮ್ಮ ನಿಪ್ಪಾಣಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯ ಹುಡುಗ. ಆಗ ಪುಣೆಯಲ್ಲಿ ರೈಲ್ವೆ ನೌಕರಿ, ಅಲ್ಲಿನ ಬಾಳೇವಾಡಿಯ ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸ. ಆ ಪದಕದ ಆಮೇಲೆ ಪುಣೆಯದೇ ಬಡಾವಣೆಯಾದ ಕೋಥರೂಡದ ಮಕ್ಕಳಿಗೂ ಶೂಟಿಂಗ್‌ನ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಳೇವಾಡಿ ಊರಿನ ಇನ್ನೊಂದು ಮೂಲೆ. ಶಾಲೆ ಮುಗಿಸಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಗುವಿನ ಸಂಜೆ ಮುಗಿದಿರುತ್ತದೆ.

ರೇಂಜೇ ಶಾಲೆಗೆ ಬರಲಿ. ಒಲಿಂಪಿಕ್ಸ್‌ನ ಎಲೆಕ್ಟ್ರಾನಿಕ್ ಗುರಿ ಮೊದಲ ಹೆಜ್ಜೆಗೆ ಬೇಕಾಗಿಯೇ ಇಲ್ಲ. ಹತ್ತು ಮೀಟರ್ ಏರ್ ರೈಫಲ್‌ಗೆ ಉದ್ದದ ಸಭಾಂಗಣ, ಕಾಗದದ ಗುರಿ, ಅದನ್ನು ಹಿಡಿದು ನಿಲ್ಲುವ ಮರದ ಸ್ಟ್ಯಾಂಡ್, ಹಿಂದೆ ಗಟ್ಟಿಯಾದ ತಡೆ ಮತ್ತು ತರಬೇತಿ ಪಡೆದ ಕೋಚ್ ಇದ್ದರೆ ಸಾಕು. ಸಭಾಂಗಣದಲ್ಲಿ ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಪರೀಕ್ಷೆ, ಭಾದ್ರಪದದಲ್ಲಿ ಗಣಪತಿ. ಹಾಗಾಗಿ ಸ್ಟ್ಯಾಂಡ್ ಬಿಚ್ಚಿ ಗೋಡೆಗೆ ಒರಗಿಸುವಂತಿರಬೇಕು.

ಇಂಥ ಸ್ಟ್ಯಾಂಡ್ ಮಾಡಲು ಕಾರ್ಖಾನೆ ಬೇಡ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಚೆನ್ನಾಗಿ ಒಣಗಿದ ರೀಪರ್ ಪಟ್ಟಿ ತಂದರೆ ಕೋಥರೂಡದ ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ. ನೆಲದ ಮೇಲೆ ಎರಡು ಅಡ್ಡ ಪಾದ, ಪ್ರತಿ ಪಾದದಲ್ಲೂ ಕೊರೆದ ಗೂಡು, ಅದರೊಳಗೆ ಇಳಿಯುವ ಕಂಬ, ಎರಡು ಕಂಬಗಳನ್ನು ಕೆಳಗಡೆ ಬಿಗಿಯುವ ಒಂದು ಪಟ್ಟಿ. ಬೋಲ್ಟುಗಳೆಲ್ಲ ಕೆಳಭಾಗದಲ್ಲೇ ಇರಲಿ. ಗುಂಡು ಹಾಯುವ ಎತ್ತರದಲ್ಲಿ ಕಬ್ಬಿಣ ಇದ್ದರೆ ಪೆಲೆಟ್ ತಗಲಿ ಹಿಂದಕ್ಕೆ ಸಿಡಿಯುತ್ತದೆ. ಪಾದದ ಮೇಲೊಂದು ಮರಳು ಚೀಲ. ಪುಣೆಯ ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಗೂಡನ್ನು ಕೂದಲೆಳೆಯಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಜುಲೈನಲ್ಲಿ ಸಿಕ್ಕಿಕೊಂಡ ಕಂಬ ದೀಪಾವಳಿಯವರೆಗೂ ಹೊರಗೆ ಬರುವುದಿಲ್ಲ!

ಅಳತೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಅಂತಾರಾಷ್ಟ್ರೀಯ ನಿಯಮದಂತೆ ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು, ಮೇಲೆ ಕೆಳಗೆ 5 ಸೆಂಟಿಮೀಟರ್ ಅಷ್ಟೇ. ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರ್. ಸ್ಟ್ಯಾಂಡ್ ಅಲುಗಾಡಿದರೆ ನಡುಗಿದ್ದು ತನ್ನ ಕೈಯೋ ಮರವೋ ಎಂದು ಮಗುವಿಗೆ ತಿಳಿಯುವುದಿಲ್ಲ. ತಪ್ಪು ಎಲ್ಲಿದೆಯೆಂದು ಗೊತ್ತಾಗದ ಅಭ್ಯಾಸಕ್ಕೆ ಅರ್ಥವೇ ಇಲ್ಲ.

ಒಂದು ಎಚ್ಚರಿಕೆ. ಮರದ ಸ್ಟ್ಯಾಂಡ್ ಗುರಿಯನ್ನು ಹಿಡಿಯುತ್ತದೆ, ಗುಂಡನ್ನಲ್ಲ. ಕಾಗದದ ಹಿಂದೆ ಓರೆಯಾಗಿ ಕೂರಿಸಿದ ಉಕ್ಕಿನ ತಗಡಿನ ಪೆಟ್ಟಿಗೆ ಇರಲೇಬೇಕು. ಪೆಲೆಟ್ ಅದಕ್ಕೆ ಬಡಿದು ಒಳಗೇ ಬೀಳಬೇಕು. ಪೆಲೆಟ್ ಸೀಸದ್ದು, ಆದ್ದರಿಂದ ಆಟ ಮುಗಿದ ಮೇಲೆ ಮಕ್ಕಳು ಕೈ ತೊಳೆಯುವುದು ಶಿಸ್ತಿನ ಭಾಗವಾಗಬೇಕು. ಇದಿಷ್ಟೂ ಇಲ್ಲದ ಶಾಲೆ ಈ ಕೆಲಸಕ್ಕೆ ಕೈಹಾಕಬಾರದು.

ಗುರಿ ಕಟ್ಟುವುದು ಕನ್ನಡಿಗರಿಗೆ ಹೊಸತೇನಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಎತ್ತರದ ಮರದಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ, ಊರೇ ಸೇರುತ್ತದೆ. ಅಲ್ಲಿ ಗುರಿಯ ಗಾತ್ರ ದೊಡ್ಡದು, ಇಲ್ಲಿ ಸೂಜಿಮೊನೆಯಷ್ಟು. ಆದರೂ ಅಲ್ಲಿಂದ ಕಲಿಯಬೇಕಾದ್ದಿದೆ: ಆಟ ಊರಿನ ನಡುವೆ, ಊರವರ ಕಣ್ಣೆದುರೇ ನಡೆಯುತ್ತದೆ.

ಕೋಥರೂಡಕ್ಕೆ ಹತ್ತಿರದಲ್ಲೇ, ಏರಂಡವಣೆಯ ಗಣೇಶನಗರದಲ್ಲಿ, ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆ ಇದೆ. ಅಂಥ ಸಂಸ್ಥೆಯೊಂದು ಮುಂದೆ ಬಂದು, ಶೂಟಿಂಗ್ ಸಂಘದ ಕೋಚ್‌ಗಳ ಸಲಹೆ ಪಡೆದು, ಮೂರ್ನಾಲ್ಕು ಸ್ಟ್ಯಾಂಡ್ ಮಾಡಿಸಿದರೆ ಸುತ್ತಲಿನ ಮರಾಠಿ ಶಾಲೆಗಳೂ ಎರವಲು ಪಡೆಯಬಹುದು. ಬಿಚ್ಚಿದರೆ ಒಂದು ಟೆಂಪೊದಲ್ಲಿ ಎಲ್ಲವೂ ಹಿಡಿಸುತ್ತವೆ. ದೊಡ್ಡ ರೇಂಜ್‌ಗಾಗಿ ಪಾಲಿಕೆಗೆ ಮನವಿ ಸಲ್ಲಿಸುವುದು ಸರಿಯೇ, ಆದರೆ ಅದರ ದಾರಿ ಕಾಯುತ್ತ ಒಂದು ತಲೆಮಾರಿನ ಮಕ್ಕಳು ಹೈಸ್ಕೂಲು ದಾಟಿಬಿಡಬಾರದು. ಬಡಗಿಗೆ ಆರ್ಡರ್ ಕೊಡಲು ಯಾವ ಮಂಜೂರಾತಿಯೂ ಬೇಕಿಲ್ಲ. ಬೇಸಿಗೆ ರಜೆಗೆ ಮೊದಲೇ ಕೊಡಬಹುದು.