ಹಳೇ ಆಂಪ್ಲಿಫೈಯರ್‌ಗೆ ಹೊಸ ಕೆಪಾಸಿಟರ್: ಬಂಗಾರದ ಬಣ್ಣಕ್ಕೆ ಮರುಳಾಗಬೇಡಿ

ಹಳೇ ಹೈ-ಫೈ ಆಂಪ್ಲಿಫೈಯರ್ ಸಾಕಿಕೊಂಡಿರೋರ ಲೋಕದಲ್ಲಿ ಮೂರು ಮೂಢನಂಬಿಕೆಗಳಿವೆ. ಪವರ್ ಸಪ್ಲೈ ಕೆಪಾಸಿಟರ್ ದೊಡ್ಡದು ಹಾಕಿದಷ್ಟೂ ಒಳ್ಳೇದು, ದುಬಾರಿಯದು ಹಾಕಿದಷ್ಟೂ ಇಂಪು, ಮೇಲೆ ಬಂಗಾರದ ಅಕ್ಷರದಲ್ಲಿ 'ಆಡಿಯೋ ಗ್ರೇಡ್' ಅಂತ ಬರೆದಿದ್ದರಂತೂ ಸ್ವರ್ಗಕ್ಕೆ ಮೂರೇ ಗೇಣು! ನನ್ನ ಮಟ್ಟಿಗೆ ಮೂರೂ ಸುಳ್ಳು. ಹೊಟ್ಟೆಪಾಡಿಗೆ ಕೋಡ್ ಬರೆಯೋನಾದರೂ ಓದಿದ್ದು ಎಲೆಕ್ಟ್ರಾನಿಕ್ಸು, ಹಾಗಾಗಿ ಸ್ವಲ್ಪ ಲೆಕ್ಕ ಸಮೇತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನಿರೋ ರೆಕ್ಸ್‌ಡೇಲ್ ಟೊರಾಂಟೋದ ವಾಯವ್ಯ ಮೂಲೆ. ಕಿಪ್ಲಿಂಗ್, ಇಸ್ಲಿಂಗ್ಟನ್ ರಸ್ತೆಗಳ ಬದಿಯಲ್ಲಿ ಬಹುಮಹಡಿ ಕಟ್ಟಡಗಳು, ಆಲ್ಬಿಯನ್ ರಸ್ತೆಗೆ ಹೋದರೆ ಕರಿಬೇವು, ನುಗ್ಗೇಕಾಯಿ ಎಲ್ಲಾ ಸಿಗುತ್ತೆ. ಇಲ್ಲಿ ದಶಕಗಳ ಹಿಂದೆ ಬಂದು ನೆಲೆಸಿದವರ ಮನೆಗಳಲ್ಲಿ ಇವತ್ತಿಗೂ ಒಂದು ಮೂಲೆಯಲ್ಲಿ ಅಲ್ಯೂಮಿನಿಯಂ ಮುಖದ ಭಾರದ ರಿಸೀವರ್ ಕೂತಿರುತ್ತೆ. ನಮ್ಮ ಕಟ್ಟಡದಲ್ಲೇ ಇರೋ ಮೈಸೂರಿನ ಅಂಕಲ್ ಒಬ್ಬರ ಹತ್ತಿರ ಅಂಥದ್ದೊಂದು 1970ರ ದಶಕದ ಜಪಾನಿ ಯಂತ್ರ ಇದೆ. ಅದರಲ್ಲಿ ಅವರು ಕೇಳೋದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು, ಮತ್ತೆ ಅವರ ತಾಯಿ ಹಸೆಗೆ ಕರೆಯೋ ಹಾಡು ಹೇಳಿದ ಒಂದು ಕ್ಯಾಸೆಟ್ಟು.

ಹೋದ ಚಳಿಗಾಲ ಅಂಕಲ್ ಕೇಳಿದರು, "ಏನಪ್ಪಾ ಇದು, ಸ್ಪೀಕರ್ ಒಳಗೆ ದುಂಬಿ ಹೊಕ್ಕಿದೆಯಲ್ಲೋ?" ಆಗಲೇ ಯಾರೋ ಒಬ್ಬರು ಅವರಿಗೆ ಸಲಹೆ ಕೊಟ್ಟಾಗಿತ್ತು: ಒಳಗಿರೋ ಎಲ್ಲಾ ಕೆಪಾಸಿಟರ್ ಕಿತ್ತು ಹಾಕಿ, ಪವರ್ ಸಪ್ಲೈಗೆ ಡಬಲ್ ಸೈಜಿನ ಆಡಿಯೋ ಗ್ರೇಡ್ ಹಾಕಿಸಿ, ಆರುನೂರು ಡಾಲರ್ ಆಗುತ್ತೆ ಅಂತ. ಪಿಂಚಣಿಯಲ್ಲಿ ಬದುಕೋ ಮನುಷ್ಯ. "ಅಷ್ಟು ಕೊಡೋ ಬದಲು ಕಸಕ್ಕೆ ಹಾಕಿ ಬ್ಲೂಟೂತ್ ಸ್ಪೀಕರ್ ತಗೋತೀನಿ ಬಿಡು" ಅನ್ನೋ ಹಂತಕ್ಕೆ ಬಂದಿದ್ದರು. ತಪ್ಪು ಸಲಹೆಯ ನಷ್ಟ ಬರೀ ದುಡ್ಡಲ್ಲ ನೋಡಿ, ಒಂದು ಒಳ್ಳೇ ಯಂತ್ರಾನೂ ಹೋಗುತ್ತೆ.

ಮೊದಲನೇ ಮಾತು, ರೋಗ ಗೊತ್ತಾಗದೆ ಮದ್ದು ಅರೆಯಬಾರದು. ವಾಲ್ಯೂಮ್ ಪೂರ್ತಿ ಇಳಿಸಿ ಕೇಳಿ. ಗುಂಯ್ ಅನ್ನೋ ಸದ್ದು ಇಳಿದರೆ ತೊಂದರೆ ಹಿಂದೆಲ್ಲೋ ಇದೆ: ಟರ್ನ್‌ಟೇಬಲ್, ಕೇಬಲ್, ಅರ್ಥಿಂಗ್ ನೋಡಿ. ಸೊನ್ನೆಯಲ್ಲೂ ಅಷ್ಟೇ ಗುಂಯ್‌ಗುಟ್ಟಿದರೆ ಪವರ್ ಸಪ್ಲೈ ಮೇಲೆ ಅನುಮಾನ ಪಡಬಹುದು. ಕೆನಡಾದ ಕರೆಂಟು 60 ಹರ್ಟ್ಸ್, ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ 120 ಹರ್ಟ್ಸ್. ನಮ್ಮೂರಲ್ಲಿ 50 ಮತ್ತು 100. ಅಂಕಲ್ ಯಂತ್ರದ್ದು 120ರ ಗುಂಗು, ವಾಲ್ಯೂಮಿಗೆ ಜಗ್ಗಲಿಲ್ಲ. ಎರಡು ಮುಖ್ಯ ಕೆಪಾಸಿಟರ್‌ಗಳಲ್ಲಿ ಒಂದು ಮೀಟರಿನಲ್ಲಿ ತನ್ನ 10,000 ಮೈಕ್ರೋಫ್ಯಾರಡ್‌ನ ಅರ್ಧವನ್ನೂ ತೋರಿಸಲಿಲ್ಲ.

ಈ ಕೆಪಾಸಿಟರ್ ಮಾಡೋ ಕೆಲಸ ಏನು? ಬೆಂಗಳೂರಿನ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಕಾವೇರಿ ನೀರು ಬಂದಾಗ ಮಾತ್ರ ಬರುತ್ತೆ, ಆದರೆ ನಲ್ಲಿ ತಿರುಗಿಸಿದಾಗಲೆಲ್ಲಾ ನೀರು ಬೇಕು. ನಡುವೆ ಇರೋದೇ ಟ್ಯಾಂಕು. ಇಲ್ಲಿ ಕರೆಂಟು ಸೆಕೆಂಡಿಗೆ 120 ಸಲ ಬಂದು ತುಂಬಿಸಿ ಹೋಗುತ್ತೆ. 10,000 ಮೈಕ್ರೋಫ್ಯಾರಡ್ ಟ್ಯಾಂಕಿನಿಂದ 2 ಆಂಪಿಯರ್ ಎಳೆದರೆ ಎರಡು ತುಂಬುವಿಕೆಗಳ ನಡುವೆ ಹೆಚ್ಚೆಂದರೆ 1.7 ವೋಲ್ಟ್ ಇಳಿಯುತ್ತೆ. ಅದೇ ಯಂತ್ರ 50 ಹರ್ಟ್ಸ್‌ನಲ್ಲಾದರೆ 2 ವೋಲ್ಟ್.

ಹಾಗಾದ್ರೆ 22,000 ಹಾಕಿ ಅದನ್ನೂ ಕಮ್ಮಿ ಮಾಡಬಾರದಾ ಅಂತೀರಾ? ದೊಡ್ಡ ಟ್ಯಾಂಕ್ ಇಟ್ಟರೆ ಕಷ್ಟ ಮೋಟಾರಿಗೆ! ಸ್ವಿಚ್ ಹಾಕಿದ ಕ್ಷಣ ಖಾಲಿ ಕೆಪಾಸಿಟರ್ ಹೆಚ್ಚುಕಮ್ಮಿ ಶಾರ್ಟ್ ಸರ್ಕ್ಯೂಟ್ ಇದ್ದ ಹಾಗೆ. ಅದು ದೊಡ್ಡದಾದಷ್ಟೂ ಆ ಮೊದಲ ಹೊಡೆತ ಹೆಚ್ಚು ಹೊತ್ತು ಇರುತ್ತೆ. ಅದನ್ನು ತಿನ್ನೋದು ಹಳೇ ಪವರ್ ಸ್ವಿಚ್ಚು, ಫ್ಯೂಸು, ರೆಕ್ಟಿಫೈಯರು. ಆ ಪವರ್ ಸ್ವಿಚ್ಚು ಇವತ್ತು ದುಡ್ಡು ಕೊಟ್ಟರೂ ಸಿಗೋದು ಕಷ್ಟ. ಮೂಲ ಬೆಲೆಯಷ್ಟೇ ಹಾಕಿ, ತೀರಾ ಆದರೆ ಶೇಕಡಾ ಇಪ್ಪತ್ತು ಹೆಚ್ಚು ಇರಲಿ. ಹೆಚ್ಚಿನ ಎಲೆಕ್ಟ್ರೋಲೈಟಿಕ್‌ಗಳ ವ್ಯತ್ಯಾಸದ ಮಿತಿಯೇ ಶೇ. 20.

ಜಿಪುಣತನ ಮಾಡಬಾರದ ಜಾಗ ಅಂದರೆ ವೋಲ್ಟೇಜು. ಆ ಕಾಲದ ಯಂತ್ರಗಳಿಗೆ 117 ಅಥವಾ 120 ವೋಲ್ಟ್ ಲೆಕ್ಕ. ಗೋಡೆಯ ಸಾಕೆಟ್ಟಿನಲ್ಲಿ ನಾನು ಅಳೆದಾಗ 124 ಇತ್ತು. ಅಂದರೆ 117ರಲ್ಲಿ 42 ಇರೋ ಒಳಗಿನ ವೋಲ್ಟೇಜು 44.5ಕ್ಕೆ ಏರುತ್ತೆ. 50 ವೋಲ್ಟಿನ ಕೆಪಾಸಿಟರ್ ಸಾಯೋದಿಲ್ಲ, ಆದರೆ ನೆಮ್ಮದಿಯಾಗೂ ಇರೋದಿಲ್ಲ. 63 ವೋಲ್ಟಿನದು ಹಾಕಿಬಿಡಿ. ಈಗಿನವು ಎಷ್ಟು ಸಣ್ಣ ಆಗಿವೆ ಅಂದರೆ ಹಳೆಯದರ ಜಾಗದಲ್ಲಿ ಆರಾಮಾಗಿ ಕೂರುತ್ತವೆ. ಕಾಲುಗಳ ಅಂತರ, ಸುತ್ತಳತೆ, ಪಟ್ಟಿ ಹಿಡಿಯುತ್ತಾ ಅಂತ ಮೊದಲೇ ಅಳೆದುಕೊಳ್ಳಿ.

ಆಮೇಲೆ ಉಷ್ಣತೆ. 10 ಡಿಗ್ರಿ ತಣ್ಣಗಾದರೆ ಆಯಸ್ಸು ಎರಡರಷ್ಟು ಅನ್ನೋದು ಹಳೇ ಲೆಕ್ಕ. 85 ಡಿಗ್ರಿ, 2,000 ಗಂಟೆಯ ಕೆಪಾಸಿಟರ್ 55 ಡಿಗ್ರಿಯಲ್ಲಿ ಕೆಲಸ ಮಾಡಿದರೆ 16,000 ಗಂಟೆ. ದಿನಕ್ಕೆ ಮೂರು ಗಂಟೆ ಹಾಡು ಕೇಳಿದರೆ ಹದಿನಾಲ್ಕು ವರ್ಷ. ಅಷ್ಟೇ ಗಂಟೆಯ 105 ಡಿಗ್ರಿಯದು 64,000 ಗಂಟೆ, ಕಾಗದದ ಮೇಲೆ 58 ವರ್ಷ! ರಬ್ಬರ್ ಬಿರಡೆ ಅಷ್ಟು ದಿನ ತಡೆಯೋದಿಲ್ಲ, ಆ ಮಾತು ಬೇರೆ. ಆದರೆ ಎಂಬತ್ತರ ಹತ್ತಿರ ಇರೋ ಅಂಕಲ್ ಮತ್ತೆ ಮುಚ್ಚಳ ಬಿಚ್ಚಿಸಬೇಕಾಗಿಲ್ಲ. ಇದರ ಜೊತೆ ರಿಪಲ್ ಕರೆಂಟು ಜಾಸ್ತಿ, ಇಎಸ್‌ಆರ್ ಕಮ್ಮಿ ಇರೋದನ್ನು ಆರಿಸಿ. ಇಎಸ್‌ಆರ್ ಅಂದರೆ ಸುಣ್ಣ ಕಟ್ಟಿದ ಪೈಪಿನ ಹಾಗೆ: ಟ್ಯಾಂಕ್ ತುಂಬಿದ್ದರೂ ನೀರು ಹರಿಯದು.

ಇಷ್ಟೂ ವಿಷಯ ತಯಾರಕರ ಡೇಟಾಶೀಟಿನಲ್ಲಿ ಬಿಟ್ಟಿಯಾಗಿ ಸಿಗುತ್ತೆ. ನಿಚಿಕಾನ್, ರುಬಿಕಾನ್, ಪ್ಯಾನಾಸೋನಿಕ್, ನಿಪ್ಪಾನ್ ಕೆಮಿ-ಕಾನ್, ಯಾವುದಾದರೂ ಸರಿ, ಅಧಿಕೃತ ವಿತರಕರಿಂದ ತರಿಸಿ. ಡಿಜಿ-ಕೀ, ಮೌಸರ್ ಎರಡೂ ಕೆನಡಾಕ್ಕೆ ಕಳಿಸುತ್ತವೆ. ಹರಾಜಿನ ತಾಣಗಳಲ್ಲಿ ಅರ್ಧ ಬೆಲೆಗೆ ಸಿಗೋದನ್ನು ನಂಬಬೇಡಿ. ಹೊಸ ಹೊದಿಕೆಯೊಳಗೆ ಸಣ್ಣ ಕೆಪಾಸಿಟರ್ ತುರುಕಿ ಮಾರೋ ಕಲೆ ಚೆನ್ನಾಗಿ ಬೆಳೆದಿದೆ. ಎಸ್.ಪಿ. ರಸ್ತೆಯ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಮೂಟೆಯಲ್ಲಿ ಇಪ್ಪತ್ತು ವರ್ಷ ಬಿದ್ದಿದ್ದ 'ಹೊಸ' ಕೆಪಾಸಿಟರ್ ಬೇಡ. ಸುಮ್ಮನೆ ಇಟ್ಟರೂ ಅದರೊಳಗಿನ ಆಕ್ಸೈಡ್ ಪದರ ಸೊರಗುತ್ತೆ.

ಆಡಿಯೋ ಗ್ರೇಡ್ ಪೂರ್ತಿ ಮೋಸ ಅಂತ ನಾನು ಹೇಳ್ತಿಲ್ಲ. ಸಿಗ್ನಲ್ ನೇರವಾಗಿ ಹಾದುಹೋಗೋ ಜಾಗದಲ್ಲಿ ಯಾವ ಬಗೆಯ ಕೆಪಾಸಿಟರ್ ಅನ್ನೋದಕ್ಕೆ ಅರ್ಥ ಇದೆ. ಪವರ್ ಸಪ್ಲೈ ಟ್ಯಾಂಕಿಗೆ ಮಾತ್ರ ಹೊದಿಕೆಯ ಬಣ್ಣ ಗೊತ್ತಾಗಲ್ಲ ಸ್ವಾಮಿ! ಅಂಕಲ್ ಯಂತ್ರಕ್ಕೆ ಕಾರ್ಖಾನೆ ಯಂತ್ರಗಳಲ್ಲಿ ಬಳಸೋ ಸಾದಾ 105 ಡಿಗ್ರಿಯ ಜೋಡಿ ಸಾಕಾಯಿತು. ಸಾಗಣೆ, ತೆರಿಗೆ ಸೇರಿ ನಲವತ್ತು ಡಾಲರಿನೊಳಗೆ ಮುಗಿಯಿತು. ಒಂದೇ ಕೆಟ್ಟಿದ್ದರೂ ಎರಡೂ ಬದಲಿಸಿದ್ದು ಯಾಕೆಂದರೆ ಇಬ್ಬರೂ ಒಂದೇ ವಯಸ್ಸಿನ ಅಣ್ಣತಮ್ಮಂದಿರು. ಉಳಿದವನ್ನು ಅಳೆದು, ಸರಿ ಇದ್ದದ್ದನ್ನು ಮುಟ್ಟಲಿಲ್ಲ. ನಲವತ್ತೈದು ವರ್ಷ ಹಳೇ ಬೋರ್ಡಿನಲ್ಲಿ ಸುಮ್ಮಸುಮ್ಮನೆ ಕಾಯಿಸಿ ಬೆಸುಗೆ ಬಿಚ್ಚಿದರೆ ತಾಮ್ರದ ಗೆರೆಯೇ ಎದ್ದು ಬರುತ್ತೆ.

ನೀವೇ ಮಾಡ್ತೀರಾದರೆ ಒಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ಒಂದೊಂದು ಕೆಪಾಸಿಟರಿನಲ್ಲಿ ಸುಮಾರು 10 ಜೂಲ್ ಶಕ್ತಿ ಕೂತಿರುತ್ತೆ. ಸ್ಕ್ರೂಡ್ರೈವರ್ ಇಟ್ಟು ಚಟಾರ್ ಅನಿಸಬೇಡಿ. 220 ಓಮ್, 5 ವಾಟಿನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಪ್ಲಸ್ಸು-ಮೈನಸ್ಸು ಎರಡು ಸಲ ನೋಡಿ, ತಿರುಗುಮುರುಗಾದರೆ ಸಿಡಿಯುತ್ತೆ. ಮೊದಲ ಸಲ ಆನ್ ಮಾಡುವಾಗ ಸರಣಿಯಲ್ಲಿ ಒಂದು ಹಳೇ ಕಾಲದ 60 ವಾಟ್ ಬಲ್ಬ್ ಇರಲಿ. ಬಲ್ಬ್ ಮಿಂಚಿ ಮಂಕಾದರೆ ಕ್ಷೇಮ, ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ.

2024ರ ನವೆಂಬರಿನಲ್ಲಿ ಕೆನಡಾದ ಸಿ-244 ಮಸೂದೆ ಕಾನೂನಾಯಿತು. ರಿಪೇರಿ ಮಾಡೋದಕ್ಕೆ ಯಂತ್ರದ ಡಿಜಿಟಲ್ ಬೀಗ ಒಡೆದರೆ ಅದು ಇನ್ನು ಮೇಲೆ ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ. ಒಳ್ಳೇದೇ. ಆದರೆ ಈ ಹಳೇ ಆಂಪ್ಲಿಫೈಯರ್‌ಗಳಿಗೆ ಬೀಗವೇ ಇಲ್ಲ, ನಾಲ್ಕು ಸ್ಕ್ರೂ ಅಷ್ಟೆ. ಇವು ಕಸದ ಬುಟ್ಟಿ ಸೇರೋದು ಕಾನೂನು ಇಲ್ಲದೆ ಅಲ್ಲ, ನಲವತ್ತು ಡಾಲರಿನ ಕೆಲಸಕ್ಕೆ ಆರುನೂರು ಹೇಳೋರಿಂದ, ಕೇಳಿ ಹೆದರೋ ನಮ್ಮಂಥವರಿಂದ. ಬಿಲ್ ಕೊಡೋ ಮುಂಚೆ "ಯಾವುದು ಕೆಟ್ಟಿದೆ, ಮೀಟರ್ ಎಷ್ಟು ತೋರಿಸ್ತು?" ಅಂತ ಒಂದು ಮಾತು ಕೇಳಿ. ಉತ್ತರ ಬರದಿದ್ದರೆ ಯಂತ್ರ ಎತ್ತಿಕೊಂಡು ಮನೆಗೆ ಬನ್ನಿ. ಏನಂತೀರಾ?