ಬಿಳಿಯ ರಸ್ತೆ ಯಾರದು?

ಸೈಕಲ್ಲು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದ ವಸ್ತುವಲ್ಲ. ಪಾಳಿಗೆ ಹೊರಟ ಗಿರಣಿಯ ಕಾರ್ಮಿಕನಿಗೆ ಅದು ಕಾಲು. ಸಂತೆಗೆ ಹೊರಟ ಸಣ್ಣ ವ್ಯಾಪಾರಿಗೆ ಅದೇ ಹೆಗಲು. ಆದರೆ ಹೊಟ್ಟೆಪಾಡಿಗಲ್ಲದೆ, ಊರುಕೇರಿ ನೋಡುವುದಕ್ಕೆಂದೇ ಸೈಕಲ್ಲು ಹತ್ತಿ ಹೊರಡುವ ಜನ ಯೂರೋಪಿನ ದಕ್ಷಿಣದ ದೇಶಗಳಾದ ಇಟಲಿ, ಸ್ಪೇನುಗಳಲ್ಲಿ ಇಂದು ಬಹಳ ಮಂದಿ ಕಾಣುತ್ತಾರೆ. ಅವರು ಹುಡುಕುವುದು ಡಾಂಬರಿನ ಹೆದ್ದಾರಿಯನ್ನಲ್ಲ. ಮೋಟಾರಿನ ಗದ್ದಲವಿಲ್ಲದ, ಜಲ್ಲಿಮಣ್ಣಿನ ಹಳ್ಳಿಯ ದಾರಿಯನ್ನು. ಆಹಾ, ಎಂಥ ಶಾಂತಿ, ಎಂದು ಅದನ್ನು ಹೊಗಳುತ್ತಾರೆ. ಹೊಗಳಲಿ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ದಾರಿಗಳನ್ನು ಮಾಡಿದವರು ಯಾರು? ಅಲ್ಲಿಗೆ ಶಾಂತಿ ಬಂದದ್ದು ಹೇಗೆ? ನಾಳೆ ಈ ದಾರಿ ಯಾರ ಕೈಯಲ್ಲಿರಬೇಕು?

ಮೊದಲು ಗಾಡಿಯ ಮಾತು. ಇದಕ್ಕೆ ಗ್ರಾವೆಲ್ ಬೈಕ್ ಎಂದು ಹೆಸರು. ಗ್ರಾವೆಲ್ ಎಂದರೆ ಜಲ್ಲಿ. ಪಂದ್ಯದ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ಲು. ಟೈರು ಮಾತ್ರ ಅದಕ್ಕಿಂತ ದಪ್ಪ, ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲ. ಗಾಳಿಯನ್ನು ಕಡಿಮೆ ತುಂಬುತ್ತಾರೆ. ಕಲ್ಲಿನ ಕುಲುಕಾಟವನ್ನು ಟೈರೇ ನುಂಗುತ್ತದೆ. ಬ್ರೇಕು ಹಿಡಿಯುವುದು ರಿಮ್ಮನ್ನಲ್ಲ, ಚಕ್ರದ ನಡುವಿನ ತಟ್ಟೆಯನ್ನು. ಏರು ಹತ್ತಲು ಹಗುರವಾದ ಗೇರು. ಗುಟ್ಟು ಇಷ್ಟೇ. ಬೆಲೆಯೇನೋ ನಮ್ಮಲ್ಲಿ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಇಷ್ಟು ಕೇಳಿದೊಡನೆ, ಇದು ಹಣವಂತರ ಆಟಿಕೆ, ನಮಗೇಕೆ ಇದರ ಗೊಡವೆ ಎಂದು ಕೆಲವರು ಎದ್ದುಹೋಗಬಹುದು. ಅದು ಅವಸರದ ತೀರ್ಪು. ಗಾಡಿ ಹಣವಂತನದಿರಬಹುದು, ದಾರಿ ಹಣವಂತನದಲ್ಲ.

ಇಟಲಿಯ ಟಸ್ಕನಿ ಪ್ರಾಂತವನ್ನು ನೋಡೋಣ. ಸಿಯೆನಾ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ತೋಟಗಳ ನಡುವೆ ಹಾಯುವ ಜಲ್ಲಿ ದಾರಿಗಳಿಗೆ 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿಯ ರಸ್ತೆಗಳು, ಎಂದು ಹೆಸರು. ಅಲ್ಲೊಂದು ಇಲ್ಲೊಂದು ಒಂಟಿ ಕಲ್ಲಿನ ಮನೆ. ದಾರಿ ಒಂದರಿಂದ ಇನ್ನೊಂದಕ್ಕೆ ಬಳುಕುತ್ತ ಹೋಗುತ್ತದೆ. ಚಿತ್ರಪಟದಲ್ಲಿ ಬಹಳ ಚೆನ್ನ. ಆದರೆ ಆ ಮನೆಗಳು ಒಂಟಿಯಾಗಿರುವುದೇಕೆ? ಶತಮಾನಗಳ ಕಾಲ ಅಲ್ಲಿ ನಡೆದುಬಂದದ್ದು 'ಮೆತ್ಸಾದ್ರಿಯಾ', ನಮ್ಮ ರೈತ ಕೋರು ಎನ್ನುವ ಅರ್ಧಪಾಲಿನ ಸಾಗುವಳಿ. ಭೂಮಿಯೂ ಮನೆಯೂ ಧಣಿಯದು, ಮೈಬೆವರು ಒಕ್ಕಲಿನದು, ಬೆಳೆದದ್ದರಲ್ಲಿ ಅರ್ಧ ಧಣಿಗೆ. ತಾನು ಉಳುವ ಹೊಲದ ನಡುವೆಯೇ ಒಕ್ಕಲು ಸಂಸಾರ ಹೂಡಬೇಕು. ಆ ಮನೆಗಳಿಂದ ಎತ್ತಿನ ಗಾಡಿಯಲ್ಲಿ ಗೋಧಿ, ದ್ರಾಕ್ಷಿ, ಆಲಿವ್ ಕಾಯಿ ಸಾಗಿದ ದಾರಿಗಳೇ ಇಂದಿನ ಬಿಳಿಯ ರಸ್ತೆಗಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಒಕ್ಕಲುಗಳು ಸಂಘ ಕಟ್ಟಿ ಹೋರಾಡಿದರು. 1964ರ ಕಾನೂನು ಹೊಸ ಕೋರು ಕರಾರುಗಳನ್ನು ನಿಷೇಧಿಸಿತು. ಹಳೆಯ ಕರಾರುಗಳಲ್ಲಿ ಒಕ್ಕಲಿನ ಪಾಲನ್ನು ನೂರಕ್ಕೆ 58ಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. 1950 ಮತ್ತು 60ರ ದಶಕಗಳಲ್ಲಿ ಮಕ್ಕಳುಮರಿಯೊಡನೆ ಸಾವಿರಾರು ಸಂಸಾರಗಳು ಕಾರ್ಖಾನೆಯ ಪಟ್ಟಣಗಳ ದಾರಿ ಹಿಡಿದವು. ಮನೆಗಳು ಪಾಳುಬಿದ್ದವು. ಮುಂದೆ ದುಡ್ಡುಳ್ಳವರು, ಅವರಲ್ಲಿ ಪರದೇಶದವರೂ ಅನೇಕರು, ಅವನ್ನು ಕೊಂಡು ಸಿಂಗರಿಸಿದರು. ಪ್ರವಾಸಿ ಮೆಚ್ಚುವ ಶಾಂತಿಯಲ್ಲಿ ಒಂದು ಪಾಲು ಹಕ್ಕಿಯ ದನಿಯದು, ಇನ್ನೊಂದು ಪಾಲು ಊರು ಬಿಟ್ಟವರ ಮೌನದ್ದು ಎಂಬುದನ್ನು ಮರೆಯಬಾರದು.

ದಾರಿಗಳು ಉಳಿದದ್ದೂ ತಾವಾಗಿಯೇ ಅಲ್ಲ. 1997ರಲ್ಲಿ ಜಾನ್‌ಕಾರ್ಲೊ ಬ್ರೋಕಿ ಎಂಬವರು ಗಾಯೊಲೆ ಎಂಬ ಸಣ್ಣ ಊರಿನಿಂದ 'ಲೆರೋಯಿಕಾ' ಎಂಬ ಸೈಕಲ್ ಸವಾರಿಯನ್ನು ಹೊರಡಿಸಿದರು. ಬಿಳಿಯ ರಸ್ತೆಗಳು ಡಾಂಬರಿನ ಕೆಳಗೆ ಮುಚ್ಚಿಹೋಗಬಾರದೆಂಬುದು ಉದ್ದೇಶ. ಮೊದಲ ವರ್ಷ ಬಂದವರು 92 ಮಂದಿ. ಈಗ ಸಾವಿರಗಟ್ಟಲೆ ಬರುತ್ತಾರೆ. ಅಲ್ಲಿನ ನಿಯಮವೇನು ಗೊತ್ತೆ? ಸೈಕಲ್ಲು 1987ಕ್ಕಿಂತ ಹಿಂದಿನ ಮಾದರಿಯದಾಗಿರಬೇಕು. ಹಳೆಯ ಉಕ್ಕಿನ ಗಾಡಿಗಳೇ ಆ ಗುಡ್ಡಗಳನ್ನು ಹತ್ತಿ ಇಳಿಯುತ್ತವೆ. ಲಕ್ಷದ ಗಾಡಿಯಿಲ್ಲದೆ ಈ ದಾರಿ ಸಾಗದು ಎನ್ನುವ ಕಂಪನಿಯ ಪ್ರಚಾರಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಸ್ಪೇನಿನ ಕಥೆ ಗಿರಣಿಯವರಿಗೆ ಇನ್ನೂ ಹತ್ತಿರದ್ದು. ತೆರುಯೆಲ್ ಸೀಮೆಯ ಓಹೋಸ್ ನೇಗ್ರೋಸ್ ಗಣಿಯ ಕಬ್ಬಿಣದ ಅದಿರನ್ನು ಸಗುಂತೋ ಎಂಬ ಕಡಲತೀರದ ಊರಿಗೆ ಇಳಿಸಲು ಒಂದು ಕಂಪನಿ ಸುಮಾರು 200 ಕಿಲೋಮೀಟರ್ ಉದ್ದದ ತನ್ನದೇ ರೈಲುಹಾದಿ ಹಾಕಿತು. 1907ರಲ್ಲಿ ಅದಿರಿನ ಗಾಡಿ ಓಡತೊಡಗಿತು. ಬಂದರಿನ ಬಳಿ ಉಕ್ಕಿನ ಕಾರ್ಖಾನೆ ಎದ್ದಿತು. 1972ರಲ್ಲಿ ಆ ರೈಲು ನಿಂತಿತು. 1984ರಲ್ಲಿ, ಕಾರ್ಮಿಕರು ಮುಷ್ಕರ ಹೂಡಿ ಮೆರವಣಿಗೆ ನಡೆಸಿದರೂ ಕೇಳದೆ, ಸಗುಂತೋದ ಊದುಕುಲುಮೆಯನ್ನು ಆರಿಸಿದರು. ಆಗ ಅಧಿಕಾರದಲ್ಲಿದ್ದದ್ದು ಸಮಾಜವಾದಿ ಎಂದು ಹೆಸರಿಟ್ಟುಕೊಂಡ ಪಕ್ಷವೇ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಗಣಿಯೂ ಅದೇ ದಶಕದಲ್ಲಿ ಮುಚ್ಚಿತು.

ಕಂಬಿ ಕಿತ್ತ ಹಾದಿ ಏನಾಯಿತು? 1993ರಿಂದ ಸ್ಪೇನಿನಲ್ಲಿ ಇಂಥ ಸತ್ತ ರೈಲುಹಾದಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವ ಯೋಜನೆ ನಡೆದಿದೆ. 'ವಿಯಾಸ್ ವೆರ್ದೆಸ್', ಹಸಿರು ಹಾದಿಗಳು, ಎಂದು ಹೆಸರು. ಈಗ ಅವು 3,000 ಕಿಲೋಮೀಟರಿಗೂ ಹೆಚ್ಚು. ಓಹೋಸ್ ನೇಗ್ರೋಸಿನದು ಅವುಗಳಲ್ಲಿ ಬಹು ಉದ್ದದ್ದು. ಆಂದಲೂಸಿಯಾದಲ್ಲಿ ಆಲಿವ್ ಎಣ್ಣೆ ಸಾಗಿಸುತ್ತಿದ್ದ ರೈಲಿನ ಹಾದಿ ಹಾಯೆನ್, ಕೋರ್ದೊಬಾ ಜಿಲ್ಲೆಗಳಲ್ಲಿ 128 ಕಿಲೋಮೀಟರ್ ಹರಿದಿದೆ. ಉಗಿ ಎಂಜಿನ್ನು ಕಡಿದಾದ ಏರು ಹತ್ತಲಾರದು. ಆದ್ದರಿಂದ ಈ ಹಾದಿಗಳ ಏರು ಬಹಳ ನವಿರು. ಮುದುಕರೂ ಮಕ್ಕಳೂ ಸಾಗಬಹುದು. ಕೂಲಿಗಳು ಕಡಿದ ಸುರಂಗ, ಕಟ್ಟಿದ ಸೇತುವೆ ಇಂದು ಸಾರ್ವಜನಿಕರ ಆಸ್ತಿ. ಕೆಲಸ ಕಳೆದುಕೊಂಡವನ ನಷ್ಟವನ್ನು ಇದು ತುಂಬಿತೆಂದು ಯಾರೂ ಹೇಳಲಾರರು. ಆದರೆ ಕಂಪನಿಯ ಹಾದಿ ಜನರ ಹಾದಿಯಾಯಿತು ಎಂಬುದು ಸಣ್ಣ ಮಾತಲ್ಲ.

ಇದಕ್ಕಿಂತ ಹಳೆಯದು ಸ್ಪೇನಿನ ಕುರಿದಾರಿ. ಚಳಿಗಾಲಕ್ಕೆ ಬಯಲಿಗೆ, ಬೇಸಿಗೆಗೆ ಬೆಟ್ಟಕ್ಕೆ ಮಂದೆ ಹೊಡೆಯುವ ಈ ದಾರಿಗಳಲ್ಲಿ ದೊಡ್ಡವು 75 ಮೀಟರ್ ಅಗಲ. 1273ರಲ್ಲಿ ದೊರೆ ಹತ್ತನೆಯ ಅಲ್ಫೋನ್ಸೊ 'ಮೆಸ್ತಾ' ಎಂಬ ಕುರಿ ಒಡೆಯರ ಕೂಟಕ್ಕೆ ರಕ್ಷಣೆ ಕೊಟ್ಟ. ಕಾಲಕ್ರಮದಲ್ಲಿ ಅದು ದೊಡ್ಡ ಒಡೆಯರ ಕೈಸೇರಿ ಉಳುವವನಿಗೆ ಕಂಟಕವೂ ಆಯಿತು, 1836ರಲ್ಲಿ ರದ್ದಾಯಿತು. ಕೂಟ ಹೋಯಿತು, ದಾರಿ ಉಳಿಯಿತು. ಪಕ್ಕದ ಜಮೀನುದಾರರು ಎಷ್ಟೋ ಕಡೆ ಬೇಲಿ ಸರಿಸಿ ಅದನ್ನು ನುಂಗಿದ್ದಾರೆ. ಆದರೆ 1995ರ ಕಾನೂನು ಸ್ಪಷ್ಟವಾಗಿದೆ: ಈ ದಾರಿಗಳು ಸಾರ್ವಜನಿಕ ಸ್ವತ್ತು, ಮಾರುವಂತಿಲ್ಲ; ಕುರಿಗೆ ಮೊದಲ ಹಕ್ಕು, ನಡೆಯುವವನಿಗೆ, ಕುದುರೆ ಹತ್ತಿದವನಿಗೆ, ಸೈಕಲ್ಲಿನವನಿಗೆ ಆಮೇಲೆ. ದಾರಿ ಬಳಕೆಯಲ್ಲಿದ್ದಷ್ಟು ಕಾಲ ಬೇಲಿ ಸರಿಸುವವನಿಗೆ ಅಳುಕಿರುತ್ತದೆ. ಅಲ್ಲಿ ಹಾದುಹೋಗುವ ಪ್ರತಿಯೊಂದು ಸೈಕಲ್ಲೂ, ಸವಾರನಿಗೆ ತಿಳಿದಿರಲಿ ಬಿಡಲಿ, ಆ ಹಕ್ಕಿನ ಪರ ಸಾಕ್ಷಿ ಹೇಳುತ್ತದೆ.

ದಾರಿಯಿದ್ದರೆ ಸಾಲದು, ಬಿಡುವೂ ಬೇಕಷ್ಟೆ. ಅದು ಬಂದದ್ದು ಹೇಗೆಂಬುದಕ್ಕೆ ಫ್ರಾನ್ಸನ್ನು ನೋಡಬೇಕು. 1936ರ ಮೇ, ಜೂನ್ ತಿಂಗಳುಗಳಲ್ಲಿ ಅಲ್ಲಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಲೆಯೋನ್ ಬ್ಲೂಮ್ ನೇತೃತ್ವದ ಜನತಾ ರಂಗದ ಸರ್ಕಾರ ಆ ಜೂನಿನಲ್ಲಿಯೇ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆ, ವಾರಕ್ಕೆ 40 ಗಂಟೆಯ ದುಡಿಮೆ, ಇವೆರಡನ್ನೂ ಕಾನೂನು ಮಾಡಿತು. ಆ ಬೇಸಿಗೆಯಲ್ಲಿ ರಿಯಾಯಿತಿಯ ರೈಲು ಟಿಕೆಟ್ಟು ಹಿಡಿದು ಕೆಲವರು, ಸೈಕಲ್ಲು ಹತ್ತಿ ಕೆಲವರು, ಗಂಡಹೆಂಡಿರು ಒಂದೇ ಜೋಡಿ ಸೈಕಲ್ಲು ತುಳಿದು ಕೆಲವರು, ಹಳ್ಳಿಗಾಡಿಗೂ ಕಡಲಿಗೂ ಹೊರಟರು. ಅವರಲ್ಲಿ ಅನೇಕರು ಜೀವಮಾನದಲ್ಲಿ ಮೊದಲ ಸಲ ಸಮುದ್ರ ಕಂಡರು. ಹೊಲ ನೋಡುತ್ತ ನಿಧಾನ ಹೋಗುವ ಸುಖ ಯಾವ ಕಂಪನಿಯ ಕೊಡುಗೆಯೂ ಅಲ್ಲ, ಮುಷ್ಕರದ ಫಲ.

ಇಲ್ಲಿ ಒಂದು ಆಕ್ಷೇಪವುಂಟು. ಅದು ನ್ಯಾಯವಾದದ್ದೂ ಹೌದು. ಬೇಸಿಗೆಯಲ್ಲಿ ಧೂಳು ಕುಡಿಯುವವನು, ಮಳೆಯಲ್ಲಿ ಕೆಸರು ತುಳಿಯುವವನು ಹಳ್ಳಿಯವನು. ಎರಡು ದಿನಕ್ಕೆ ಬಂದ ಪ್ರವಾಸಿಗೆ ಜಲ್ಲಿ ಚೆಂದವೆಂದು ಅವನಿಗೆ ಡಾಂಬರು ತಪ್ಪಿಸಬಹುದೆ? ಕೂಡದು. ಶಾಲೆಗೆ, ಆಸ್ಪತ್ರೆಗೆ, ಬಸ್ಸಿಗೆ ಬೇಕಾದ ರಸ್ತೆ ಮೊದಲು ಗಟ್ಟಿಯಾಗಲಿ. ಯಾವ ರಸ್ತೆ ಹೇಗಿರಬೇಕೆಂಬ ಮಾತಿನಲ್ಲಿ ಮೊದಲ ದನಿ ಅಲ್ಲಿ ಬಾಳುವವನದಾಗಲಿ. ಉಳಿದ ಹೊಲದಾರಿಗಳು ಹಾಗೆಯೇ ಇರಲಿ. ಆದರೆ ಬೇಲಿಯಿಲ್ಲದೆ, ಬೀಗವಿಲ್ಲದೆ, ಸುಂಕವಿಲ್ಲದೆ ಎಲ್ಲರಿಗೂ ತೆರೆದಿರಲಿ. ಬಂದ ಪ್ರವಾಸಿಯೂ ಚೀಲದಲ್ಲಿ ಎಲ್ಲವನ್ನೂ ಹೊತ್ತು ತರದೆ ಅಲ್ಲಿನ ಅಂಗಡಿಯಲ್ಲಿ ರೊಟ್ಟಿ ಕೊಳ್ಳಲಿ, ಅಲ್ಲಿನ ಕಾಫಿ ಕುಡಿಯಲಿ. ಅಂಗಡಿ ಮುಚ್ಚಿದ ಊರು ಅರ್ಧ ಸತ್ತ ಊರೆಂಬುದು ನಮ್ಮ ವ್ಯಾಪಾರಿ ಮಿತ್ರರಿಗೆ ಚೆನ್ನಾಗಿ ಗೊತ್ತು.

ಪರದೇಶದ ದಾರಿಯ ಮಾತು ನಮಗೇಕೆ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಗಾಡಿ ಕೊಳ್ಳುವುದು ಒಬ್ಬೊಬ್ಬನ ಕೈಲಾಗುವ ಕೆಲಸ. ದಾರಿಯನ್ನು ಸಾರ್ವಜನಿಕವಾಗಿ ಉಳಿಸುವುದು, ದುಡಿಯುವವನಿಗೆ ರಜೆ ಗಳಿಸುವುದು, ಇವೆರಡೂ ಒಬ್ಬನ ಕೈಲಾಗುವುದಿಲ್ಲ. ಟಸ್ಕನಿಯ ಒಕ್ಕಲು, ಸಗುಂತೋದ ಕುಲುಮೆಯಾಳು, ಫ್ರಾನ್ಸಿನ ಮುಷ್ಕರಗಾರ, ಇವರ್ಯಾರೂ ಗ್ರಾವೆಲ್ ಬೈಕನ್ನು ಕಂಡವರಲ್ಲ. ಆದರೂ ಇಂದು ಆ ದಾರಿಗಳಲ್ಲಿ ಸಾಗುವವನು ಅವರ ಋಣದಲ್ಲಿದ್ದಾನೆ. ಆ ಋಣ ತೀರಿಸುವ ಬಗೆ ಒಂದೇ: ದಾರಿಗೆ ಬೇಲಿ ಬೀಳದಂತೆ ನೋಡಿಕೊಳ್ಳುವುದು, ದುಡಿಯುವವನ ರಜೆಯ ದಿನಗಳಲ್ಲಿ ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳುವುದು.